ಕತೆಯ ಕೊನೆ ಯಾರ ಕೈಲಿದೆ?

1

ಅದು ವೈಕುಂಠ ಏಕಾದಶಿಯ ರಾತ್ರಿ. ನಮ್ಮೂರಿನ ಒಂದು ದೊಡ್ಡ ಮನೆಯ ಜಗಲಿ ಮೇಲೆ ಲಾಟೀನು ಇಟ್ಟುಕೊಂಡು ಆ ಮನೆಯ ಹುಡುಗರು ಆಟ ಆಡುತ್ತಿದ್ದರು. ಜಾಗರಣೆ ಅಲ್ಲವೇ, ನಿದ್ದೆ ತಡೆಯೋದಕ್ಕೆ ಆಟ. ನಮ್ಮವ್ವ ಆ ಮನೆಯ ಕೊಟ್ಟಿಗೆ ಬಾಚುವವಳು. ಹಬ್ಬದ ಕೆಲಸ ಮುಗಿಯೋದು ತಡವಾಗಿತ್ತು. ನಾನು ಅಂಗಳದಲ್ಲಿ ಕಾಯುತ್ತಾ ನಿಂತಿದ್ದೆ. ಜಗಲಿ ಹತ್ತುವ ಹಾಗಿರಲಿಲ್ಲ. ದೂರದಿಂದಲೇ ಕಂಡದ್ದು ಒಂದು ಬಣ್ಣದ ಪಟ. ಅದರ ತುಂಬ ಉದ್ದುದ್ದ ಹಾವು, ಏಣಿ, ತುತ್ತತುದಿಯಲ್ಲಿ ವೈಕುಂಠ. ಒಬ್ಬ ಹುಡುಗನ ಕಾಯಿ ದೊಡ್ಡ ಹಾವಿನ ಬಾಯಿಗೆ ಬಿದ್ದು ಸರ್ರನೆ ಬಾಲದ ತನಕ ಇಳಿಯಿತು. ಇನ್ನೊಬ್ಬ ಚಪ್ಪಾಳೆ ತಟ್ಟಿ ಕೂಗಿದ: 'ಬಿದ್ದ ಬಿದ್ದ! ಹೋಗು, ಇನ್ನು ಹೊಲಗೇರೀಲಿ ಹುಟ್ಟು ಹೋಗು!' ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಒಬ್ಬನಿಗೆ ಅಂಗಳದಲ್ಲಿ ನಿಂತಿದ್ದ ನಾನು ಕಂಡೆ. ನಗು ಇನ್ನೂ ಜೋರಾಯಿತು.

ನಾನೂ ನಕ್ಕೆ.

ಬೈದದ್ದಕ್ಕೆ ಸಿಟ್ಟು ಬರಬೇಕಿತ್ತು, ನಗು ಬಂತು. ಆ ಪಟದ ಕತೆಯನ್ನು ನಾನೂ ನಂಬಿದ್ದೆ ಅಂತ ಆಯಿತಲ್ಲ? ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿರುವುದು ಅಳೋದಕ್ಕಲ್ಲ. ಕತೆ ಅನ್ನುವುದು ಪುಸ್ತಕದಲ್ಲಿ ಮಾತ್ರ ಇರುತ್ತದೆ ಅಂತ ತಿಳಿದವರಿಗೆ, ಅದು ಆಟದ ಪಟದಲ್ಲೂ ಇರುತ್ತದೆ, ಸಿನಿಮಾ ಪರದೆಯಲ್ಲೂ ಇರುತ್ತದೆ, ನಾವು ನಗುವ ನಗುವಿನಲ್ಲೂ ಇರುತ್ತದೆ ಅಂತ ಹೇಳೋದಕ್ಕೆ. ಆಟ, ಪುಸ್ತಕ, ಸಿನಿಮಾ, ಈ ಮೂರನ್ನೂ ನೋಡುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕತೆಯ ಕೊನೆ ಯಾರ ಕೈಲಿದೆ? ನಮ್ಮ ಪಾತ್ರ ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಪಾತ್ರ ಎಷ್ಟೋ ಕಡೆ ಕೊಟ್ಟಿದ್ದಾರೆ. ಕೊನೆಯನ್ನು ಮಾತ್ರ ಕೊಟ್ಟಿಲ್ಲ.

2

ಮೊದಲು ಆಟದ ಮಾತು. ಆ ಪಟದ ಹೆಸರು ಪರಮಪದ ಸೋಪಾನ. ತೆಲುಗಿನಲ್ಲಿ ವೈಕುಂಠಪಾಳಿ ಅನ್ನುತ್ತಾರೆ. ಉತ್ತರದಲ್ಲಿ ಇದೇ ಆಟಕ್ಕೆ ಜ್ಞಾನ ಚೌಪಡ್ ಅಂತ ಹೆಸರು. ಜೈನರದ್ದೇ ಒಂದು ಪಟ, ವೈಷ್ಣವರದ್ದೇ ಒಂದು ಪಟ, ಸೂಫಿಗಳದ್ದೂ ಒಂದಿದೆ. ಪ್ರತಿ ಮನೆಯಲ್ಲೂ ಒಂದೊಂದು ಪುಣ್ಯದ, ಒಂದೊಂದು ಪಾಪದ ಹೆಸರು. ಪುಣ್ಯದ ಮನೆಗೆ ಬಂದರೆ ಏಣಿ, ಪಾಪದ ಮನೆಗೆ ಬಂದರೆ ಹಾವು. ಏಣಿ ದೇವಲೋಕಕ್ಕೆ ಏರಿಸುತ್ತದೆ, ಹಾವು ಕೀಳು ಜನ್ಮಕ್ಕೆ ಇಳಿಸುತ್ತದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794-1868) ಇಂಥ ಆಟಗಳ ಹುಚ್ಚು ಬಹಳ. ಹೊಸ ಹೊಸ ಆಟಗಳನ್ನೇ ಕಟ್ಟಿದರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೇ ಒಂದು ಭಾಗ ಮೀಸಲು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹಾವು ಏಣಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿನವರು ಕರ್ಮ, ಪುನರ್ಜನ್ಮ ತೆಗೆದು ತಮ್ಮ ನೀತಿಪಾಠ ಬರೆದುಕೊಂಡರು. ಉಳಿತಾಯ ಮಾಡಿದವನಿಗೆ ಏಣಿ, ಸೋಮಾರಿಗೆ ಹಾವು. ಆಮೇಲೆ ಅಕ್ಷರಗಳೂ ಅಳಿಸಿಹೋಗಿ ಬರೀ ನಂಬರು ಉಳಿಯಿತು. ಈಗ ಅಂಗಡಿಯಲ್ಲಿ ಮಕ್ಕಳಿಗೆ ಸಿಗುವುದು ಅದೇ.

ಈ ಆಟದ ಒಳಗಿನ ಮೋಸವನ್ನು ಸ್ವಲ್ಪ ನಿಧಾನವಾಗಿ ನೋಡಿ. ಪಟ ಹೇಳುವುದೇನು? ನೀನು ಮಾಡಿದ್ದನ್ನು ನೀನು ಉಣ್ಣುತ್ತೀಯ. ಪಾಪ ಮಾಡಿದೆ, ಕೆಳಗೆ ಬಿದ್ದೆ. ಸರಿ, ಆಡುವವನು ಪಾಪ ಮಾಡಿದ್ದು ಯಾವಾಗ? ಅವನು ಮಾಡಿದ್ದು ಒಂದೇ, ಕವಡೆ ಉರುಳಿಸಿದ್ದು. ಮೂರು ಬಿದ್ದಿದ್ದರೆ ಏಣಿ, ನಾಲ್ಕು ಬಿತ್ತು, ಹಾವು. ಕವಡೆ ಯಾರ ಮಾತೂ ಕೇಳುವುದಿಲ್ಲ. ಬಿದ್ದದ್ದು ಆಕಸ್ಮಿಕಕ್ಕೆ, ಬೈಸಿಕೊಂಡದ್ದು ಕರ್ಮಕ್ಕೆ! ಹುಟ್ಟಿನ ವಿಚಾರವೂ ಹೀಗೇ ತಾನೇ? ಯಾವ ಮನೆಯಲ್ಲಿ ಹುಟ್ಟುತ್ತೇನೆ ಅಂತ ಯಾರೂ ಅರ್ಜಿ ಹಾಕಿ ಹುಟ್ಟಿದ್ದಿಲ್ಲ. ಆದರೂ ಹೊಲಗೇರಿಯಲ್ಲಿ ಹುಟ್ಟಿದವನಿಗೆ, 'ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದೆ' ಅಂತ ಲೆಕ್ಕ ತೋರಿಸುತ್ತಾರೆ. ಅರಮನೆಯಲ್ಲಿ ಹುಟ್ಟಿದವನಿಗೂ ಅದೇ ಲೆಕ್ಕ, ಅವನ ಪಾಲಿಗೆ ಜಮಾ, ನಮ್ಮ ಪಾಲಿಗೆ ಸಾಲ. ಒಂದು ಶಾಸ್ತ್ರಗ್ರಂಥ ಓದಿ ಅರ್ಥ ಮಾಡಿಕೊಳ್ಳಲು ವರ್ಷಗಳು ಬೇಕು. ಅದೇ ಶಾಸ್ತ್ರವನ್ನು ಈ ಪಟ ಒಂದು ರಾತ್ರಿಯಲ್ಲಿ, ನಗುನಗುತ್ತಾ, ಆರು ವರ್ಷದ ಮಗುವಿನ ತಲೆಗೆ ಇಳಿಸುತ್ತದೆ. ಆಡುವ ಹುಡುಗ ತಾನೇ ಆಡುತ್ತಿದ್ದೇನೆ ಅಂದುಕೊಂಡಿರುತ್ತಾನೆ. ಹಾವು ಎಲ್ಲಿರಬೇಕು, ಏಣಿ ಎಲ್ಲಿರಬೇಕು ಅಂತ ಬರೆದವನು ಮೊದಲೇ ಆಡಿ ಮುಗಿಸಿ ಎದ್ದು ಹೋಗಿರುತ್ತಾನೆ.

ಹಾಗಾದರೆ ಆಟಗಳೆಲ್ಲ ಹೀಗೇನಾ? ಇಲ್ಲ. ನಮ್ಮ ದನ ಕಾಯುವ ಹುಡುಗರು ಬಂಡೆ ಮೇಲೆ ಇದ್ದಿಲಲ್ಲಿ ಗೀಚಿ ಆಡುತ್ತಿದ್ದ ಆಡು ಹುಲಿ ಆಟ ನೋಡಿ. ಹಳೇ ದೇವಸ್ಥಾನಗಳ ಮೆಟ್ಟಿಲ ಮೇಲೆ, ಹಂಪಿಯ ಮಂಟಪಗಳ ನೆಲಗಲ್ಲ ಮೇಲೆ ಇಂಥ ಆಟದ ಮನೆಗಳು ಕೆತ್ತಿದ್ದು ಈಗಲೂ ಕಾಣಿಸುತ್ತವೆ. ಯಾರು ಕೆತ್ತಿದರೋ ಹೆಸರಿಲ್ಲ. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ತಿನ್ನಬಹುದು. ಆಡು ಹಾರುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಒಂದೊಂದೇ ಹೆಜ್ಜೆ ಸರಿಯಬೇಕು. ಒಂಟಿ ಆಡು ಸಿಕ್ಕಿದರೆ ಹುಲಿಯ ಹೊಟ್ಟೆಗೇ. ಆದರೆ ಹಿಂದೆ ಒಂದು ಆಡು ನಿಂತಿದ್ದರೆ ಹುಲಿ ಹಾರಲಾರದು. ಹಿಂದೊಂದು ಮುಂದೊಂದು ಆಡು ಸೇರುತ್ತಾ ಬಂದು ಮೂರು ಹುಲಿಯನ್ನೂ ಕದಲದ ಹಾಗೆ ಕಟ್ಟಿಹಾಕಿದರೆ ಆಡು ಗೆದ್ದಂತೆ. ಇಲ್ಲಿ ಕವಡೆ ಇಲ್ಲ, ಅದೃಷ್ಟ ಇಲ್ಲ. ಹುಲಿ ಬಲಶಾಲಿ ಅಂತ ಆಟ ಮುಚ್ಚಿಡುವುದೂ ಇಲ್ಲ. ಆದರೆ ಕೊನೆ ಮೊದಲೇ ಬರೆದಿಟ್ಟಿಲ್ಲ. ಆಡುವವರು ಹೇಗೆ ನಿಲ್ಲುತ್ತಾರೋ ಹಾಗೆ ಕೊನೆ. ಒಂದು ಅಕ್ಷರವೂ ಬರೆಯದೆ ಈ ಆಟ ಒಂದು ಕತೆ ಹೇಳುತ್ತದೆ. ಅಕ್ಷರ ಬಾರದ ನಮ್ಮ ತಾತಂದಿರು ಈ ಕತೆಯನ್ನು ಬೆರಳಿನಿಂದಲೇ ಓದಿದ್ದರು.

ಆಟದ ಕತೆ ಅದರ ಚಿತ್ರದಲ್ಲಿಲ್ಲ, ಅದರ ನಿಯಮದಲ್ಲಿದೆ ಅಂತ ನಾನು ತಿಳಿದಿದ್ದೇನೆ. ಯಾರು ಹಾರಬಹುದು, ಯಾರು ಹಾರಬಾರದು, ಬಿದ್ದವನು ಏಳಬಹುದೋ ಇಲ್ಲವೋ, ಗೆಲುವು ಅಂದರೆ ಏನು, ಇವನ್ನು ಗೊತ್ತುಮಾಡಿದವನೇ ಕತೆಗಾರ. ಊರಿನ ಕತೆಯೂ ಹೀಗೇ. ಬಾವಿಗೆ ಯಾರು ಇಳಿಯಬೇಕು, ಯಾರು ಇಳಿಯಬಾರದು ಅನ್ನುವುದೂ ಒಂದು ನಿಯಮ.

3

ಈಗ ಪುಸ್ತಕದ ಮಾತು. ಕನ್ನಡದ ಹೊಸ ಸಾಹಿತ್ಯದಲ್ಲಿ ಹೊಲಗೇರಿಯವನು ನಡುಮನೆಗೆ ಬಂದದ್ದು 1933ರಲ್ಲಿ, ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ. ಆ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ, ಅದನ್ನು ಅಲ್ಲಗಳೆಯುವವನು ನಾನಲ್ಲ. ದಕ್ಷಿಣ ಕನ್ನಡದ ಜೀತದಾಳು ಚೋಮನಿಗೆ ಒಂದೇ ಆಸೆ. ಎತ್ತು ಇದೆ, ಒಂದು ತುಂಡು ನೆಲ ಸಿಕ್ಕಿದರೆ ಬೇಸಾಯ ಮಾಡಬೇಕು. ಹೊಲೆಯ ಬೇಸಾಯ ಮಾಡಬಾರದು ಅನ್ನುವುದು ಊರ ಕಟ್ಟಳೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಸಾಯುತ್ತಾನೆ, ಇನ್ನೊಬ್ಬ ಕ್ರಿಸ್ತನ ಮತಕ್ಕೆ ಸೇರಿದ ಹುಡುಗಿಯನ್ನು ಮದುವೆಯಾಗಿ ಆ ಮತಕ್ಕೇ ಹೋಗುತ್ತಾನೆ. ಮಗಳು ಬೆಳ್ಳಿಯ ಮೈಯ ಬೆಲೆಗೆ ಸಾಲ ವಜಾ ಆಗುತ್ತದೆ. ಕಿರಿಯ ಮಗ ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದವನು ಅಂತ ದಡದಲ್ಲಿದ್ದವರು ಯಾರೂ ಕೈ ಕೊಡುವುದಿಲ್ಲ. ಕೊನೆಗೆ ಚೋಮ ಎತ್ತುಗಳನ್ನು ಕಾಡಿಗಟ್ಟಿ, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತಾ ಸಾಯುತ್ತಾನೆ.

ನಾನು ಕಾಲೇಜಿನಲ್ಲಿ ಇದನ್ನು ಓದಿ ಅತ್ತವನು. ಬಹಳ ದಿನದ ಮೇಲೆ ಒಂದು ಅನುಮಾನ ಹುಟ್ಟಿತು. ಮತ ಬಿಟ್ಟು ಹೋದ ಆ ಮಗ ಏನಾದ? ಅವನಿಗೆ ನೆಲ ಸಿಕ್ಕಿತೋ, ಮಕ್ಕಳಾದವೋ, ಆ ಮಕ್ಕಳು ಶಾಲೆಗೆ ಹೋದವೋ? ಕತೆ ಅವನ ಹಿಂದೆ ಹೋಗುವುದಿಲ್ಲ. ಸಾಯುವ ಅಪ್ಪನ ಬಾಗಿಲಲ್ಲೇ ನಿಂತುಬಿಡುತ್ತದೆ. ಬದುಕಲು ಹೊರಟವನು ಕತೆಯಿಂದ ಹೊರಗೆ, ಸಾಯುವವನು ಕತೆಯ ನಡುವೆ. ಕಾರಂತರು ಕಂಡದ್ದನ್ನು ಕಂಡ ಹಾಗೆ ಬರೆದರು, ನಿಜ. ಆದರೆ ಓದುವ ಮೇಲಿನ ಕೇರಿಯವರಿಗೆ ಚೋಮನ ಸಾವು ಒಂದು ಅನುಕೂಲ ಮಾಡಿಕೊಟ್ಟಿತು. ಸತ್ತವನಿಗೆ ಕಣ್ಣೀರು ಹಾಕಿದರೆ ಮುಗಿಯಿತು. ಬದುಕಿದವನಾದರೆ ನೆಲ ಕೇಳುತ್ತಾನೆ.

ನೆಲದ ಮಾತು ಬಂದದ್ದರಿಂದ ಇತಿಹಾಸದ ಒಂದು ಪುಟ ತಿರುವೋಣ. 1961ರ ಭೂಸುಧಾರಣೆ ಕಾಯಿದೆಗೆ 1974ರಲ್ಲಿ ದೇವರಾಜ ಅರಸರ ಸರ್ಕಾರ ದೊಡ್ಡ ತಿದ್ದುಪಡಿ ತಂದಿತು. ಉಳುವವನೇ ಹೊಲದೊಡೆಯ ಅಂದರು. ಕರಾವಳಿಯಲ್ಲಿ ಸಾವಿರಾರು ಗೇಣಿದಾರರು ಡಿಕ್ಲರೇಶನ್ ಹಾಕಿ ಒಡೆಯರಾದರು. ಒಳ್ಳೆಯದೇ ಆಯಿತು. ಆದರೆ ಚೋಮ ಗೇಣಿದಾರನೇ? ಅಲ್ಲ. ಅವನು ಮೂಲದಾಳು. ಉಳುವ ಹಕ್ಕನ್ನೇ ಕೊಡದೆ ಇಟ್ಟವನಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಉಳುವವನೇ ಒಡೆಯ ಅಂದಾಗ ಉಳಲು ಬಿಡದವನ ಕತೆ ಏನು ಅಂತ ಆ ಕಾಯಿದೆ ಪೂರ್ತಿಯಾಗಿ ಕೇಳಲಿಲ್ಲ. ಜೀತ ರದ್ದಾದದ್ದು 1976ರ ಕೇಂದ್ರ ಕಾಯಿದೆಯಿಂದ. ನಮಗೆ ಮಂಜೂರಾಗಿ ಕೈತಪ್ಪಿದ ಜಮೀನು ವಾಪಸು ಕೊಡಿಸುವ ಕಾಯಿದೆ ಬಂದದ್ದು 1978ರಲ್ಲಿ. 1933ರ ಕತೆಯ ಚೋಮ ಕಾದಂಬರಿಯಲ್ಲಿ ಒಂದು ಸಲ ಸತ್ತ. ಕಚೇರಿಯ ಕಡತದಲ್ಲಿ ಎಷ್ಟು ಸಲ ಸತ್ತನೋ.

ಇನ್ನೊಂದು ದೊಡ್ಡ ಕಾದಂಬರಿ, 1965ರ 'ಸಂಸ್ಕಾರ'. ಅನಂತಮೂರ್ತಿಯವರು ಅಗ್ರಹಾರದ ಒಳಗೇ ನಿಂತು ಅಗ್ರಹಾರವನ್ನು ಅಲ್ಲಾಡಿಸಿದರು. ನಾರಣಪ್ಪನ ಹೆಣ ಕೊಳೆಯುತ್ತಿದೆ. ಅದಕ್ಕೆ ಸಂಸ್ಕಾರ ಮಾಡುವವರು ಯಾರು ಅಂತ ಇಡೀ ಪುಸ್ತಕ ತಲೆ ಕೆಡಿಸಿಕೊಳ್ಳುತ್ತದೆ. ಅದೇ ಪ್ಲೇಗಿನಲ್ಲಿ ಹೊಲಗೇರಿಯಲ್ಲೂ ಹೆಣ ಬೀಳುತ್ತವೆ. ಗುಡಿಸಲಿಗೇ ಬೆಂಕಿ ಇಟ್ಟು ಸುಡುತ್ತಾರೆ. ಅಲ್ಲಿ ಧರ್ಮಸೂಕ್ಷ್ಮದ ಚರ್ಚೆ ಇಲ್ಲ, ಶಾಸ್ತ್ರ ತಿರುವಿಹಾಕುವವರಿಲ್ಲ. ಒಂದು ಹೆಣಕ್ಕೆ ಒಂದು ಕಾದಂಬರಿ, ನಮ್ಮ ಹೆಣಗಳಿಗೆ ದೂರದಲ್ಲೊಂದು ಬೆಂಕಿ. ಇದು ಲೇಖಕರ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಗ್ರಹಾರದ ಜಗಲಿಯಲ್ಲಿ ನಿಂತು ನೋಡಿದರೆ ಹೊಲಗೇರಿ ಕಾಣುವುದೇ ಅಷ್ಟು. ಜಗಲಿ ಬದಲಾದ ಹೊರತು ನೋಟ ಬದಲಾಗುವುದಿಲ್ಲ.

ಈ ಮಾತನ್ನು 1973ರ ನವೆಂಬರಿನಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಒರಟಾಗಿ ಹೇಳಿಬಿಟ್ಟರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಊರಿಗೆ ಊರೇ ಎದ್ದಿತು. ದಲಿತ ಹುಡುಗರಿಗೆ ಏಟು ಬಿದ್ದವು. ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಒಂದು ಮಾತಿಗೆ ಇಷ್ಟು ರೋಷ ಯಾಕೆ ಬಂತು? ಕತೆಯ ಯಜಮಾನಿಕೆಗೆ ಕೈ ಹಾಕಿದ್ದಕ್ಕೆ. ಆಮೇಲೆ ಎಪ್ಪತ್ತರ ದಶಕದ ನಡುವೆ ದಲಿತ ಸಂಘರ್ಷ ಸಮಿತಿ ಬಂತು, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಕೊಡಲಿಲ್ಲ. 1979ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ಮಾಡಿದರು.

ಇದೇ ಹೊತ್ತಿನಲ್ಲಿ, 1978ರಲ್ಲಿ, ದೇವನೂರ ಮಹಾದೇವರ 'ಒಡಲಾಳ' ಬಂತು. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಸಾಹುಕಾರನ ಕಡಲೆಕಾಯಿ ಮೂಟೆ ಹಟ್ಟಿಗೆ ಬಂದಿದೆ. ರಾತ್ರಿಯೆಲ್ಲ ಮನೆ ಮಂದಿ ಬೆಂಕಿ ಸುತ್ತ ಕೂತು ತಿನ್ನುತ್ತಾರೆ. ಬೈದಾಡುತ್ತಾರೆ, ನಗುತ್ತಾರೆ, ಪಾಲಿಗಾಗಿ ಕಚ್ಚಾಡುತ್ತಾರೆ. ಪೊಲೀಸರು ಬಂದು ಹುಡುಕಿದರೆ ಸಿಗುವುದೇನು? ಗೋಡೆ ಮೇಲೆ ಹುಡುಗಿ ಬರೆದ ನವಿಲು! ಹಸಿವು ಇಲ್ಲೂ ಇದೆ, ಚೋಮನ ಮನೆಯಷ್ಟೇ ಇದೆ. ಆದರೆ ಸಾಕವ್ವ ಯಾರ ಕಣ್ಣೀರಿಗೂ ಕಾಯುವುದಿಲ್ಲ. ಅವಳ ಮಾತು, ಅವಳ ಬೈಗುಳ, ಅವಳ ಲೆಕ್ಕಾಚಾರ ಅವಳದೇ. ಇದನ್ನು ಮೊದಲ ಸಲ ನಮ್ಮವ್ವನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. 'ಅಯ್ಯೋ, ಇದ ಯಾರ್ಲಾ ಬರ್ದೋರು? ನಮ್ ಹಟ್ಟಿ ಹಿಂದ್ಗಡೆ ನಿಂತ್ಕಂಡು ಕೇಳುಸ್ಕಂಡವ್ರೆ' ಅಂದಳು. ವಿಮರ್ಶೆಯ ಪುಸ್ತಕಗಳಲ್ಲಿ ನಾನು ಇದಕ್ಕಿಂತ ದೊಡ್ಡ ಮಾತು ಓದಿಲ್ಲ.

4

ಸಿನಿಮಾದ ವಿಚಾರ ಸ್ವಲ್ಪ ಬೇರೆ. ಅಕ್ಷರ ಇಲ್ಲದವರಿಗೂ ತೆರೆದಿದ್ದ ಪುಸ್ತಕ ಅದು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಭೇದ ಇತ್ತು, ಅದು ಕಾಸಿನ ಭೇದ. ಆದರೆ ದೀಪ ಆರಿದ ಮೇಲೆ ನೆಲದ ಮೇಲೆ ಪಕ್ಕದಲ್ಲಿ ಕೂತವನ ಜಾತಿ ಯಾವುದು ಅಂತ ಕೇಳುವವರಿರಲಿಲ್ಲ. ಊರಿನ ಗುಡಿ ಕೊಡದ್ದನ್ನು ಆ ಟೆಂಟು ಕೊಟ್ಟಿತು. ಅದಕ್ಕೇ ನಮ್ಮ ಜನ ಸಿನಿಮಾವನ್ನು ಅಷ್ಟು ಹಚ್ಚಿಕೊಂಡರು ಅಂತ ನನ್ನ ಅನಿಸಿಕೆ. ಕತ್ತಲೆಯಲ್ಲಿ ಸಮಾನತೆ ಸಿಕ್ಕಿತು. ಬೆಳಕು ಬಿದ್ದ ಪರದೆಯ ಮೇಲೆ ಮಾತ್ರ ಸಿಗಲಿಲ್ಲ.

1934ರ 'ಸತಿ ಸುಲೋಚನ'ದಿಂದ ಕನ್ನಡದ ಮಾತಿನ ಚಿತ್ರ ಶುರುವಾಯಿತು. ಪುರಾಣದ ರಾಜರು, ಸತಿಯರು, ಭಕ್ತರು ಬಂದರು. ಆಮೇಲೆ ಹಳ್ಳಿ ಬಂತು. 1972ರ 'ಬಂಗಾರದ ಮನುಷ್ಯ' ನೋಡಿ ಪಟ್ಟಣ ಬಿಟ್ಟು ಊರಿಗೆ ವಾಪಸು ಬಂದ ಓದಿದ ಹುಡುಗರ ಕತೆ ಇವತ್ತಿಗೂ ಹೇಳುತ್ತಾರೆ. ರಾಜ್‌ಕುಮಾರ್ ಅವರ ರಾಜೀವಪ್ಪನನ್ನು ನಾನೂ ನಾಲ್ಕು ಸಲ ನೋಡಿದವನೇ. ದುಡಿದರೆ ಬಂಡೆಯಲ್ಲೂ ಬಂಗಾರ ಬೆಳೆಯಬಹುದು ಅನ್ನುವ ಕತೆ ಅದು, ಮನಸ್ಸಿಗೆ ಹತ್ತುವಂಥದ್ದು. ಆದರೆ ಮಣ್ಣಿಗೆ ಮರಳಿ ಹೋಗಬೇಕಾದರೆ ಮೊದಲು ಮಣ್ಣಿರಬೇಕಲ್ಲ? ನಮ್ಮ ಕೇರಿಯ ಹುಡುಗರು ಆ ಸಿನಿಮಾ ನೋಡಿ ಶಿಳ್ಳೆ ಹೊಡೆದು ಬೆಳಿಗ್ಗೆ ಎದ್ದು ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋದರು.

1975ರಲ್ಲಿ ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲ ಬಂತು. ಚೋಮನಾಗಿದ್ದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಅಭಿನಯ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಕತೆ ಕಟ್ಟಿದ್ದು ಮೇಲಿನ ಕೇರಿ, ಕ್ಯಾಮರಾ ಹಿಡಿದದ್ದು ಮೇಲಿನ ಕೇರಿ. ದುಡಿಯ ಸದ್ದು ಮಾತ್ರ ನಮ್ಮದು. ನಿಜವಾಗಿ ದುಡಿ ಹೊಡೆಯುವವರಿಗೆ ಆ ಸಿನಿಮಾದಲ್ಲಿ ತಮ್ಮ ಕತೆಯನ್ನು ತಾವೇ ಹೇಳುವ ಜಾಗ ಇರಲಿಲ್ಲ.

ಇದಕ್ಕೆ ಉತ್ತರ ಕನ್ನಡದಲ್ಲಿ ಬರುವ ಮೊದಲು ಪಕ್ಕದ ಮರಾಠಿಯಲ್ಲಿ ಬಂತು. 2013ರಲ್ಲಿ ನಾಗರಾಜ ಮಂಜುಳೆ 'ಫಂಡ್ರಿ' ಮಾಡಿದರು. ಕಲ್ಲು ಒಡೆಯುವ ವಡ್ಡರ ಮನೆಯಿಂದ ಬಂದ ನಿರ್ದೇಶಕ. ಶಾಲೆಗೆ ಹೋಗುವ ಜಬ್ಯಾ ಅನ್ನುವ ಹುಡುಗ, ಅವನ ಮನೆಯವರು ಊರ ಹಂದಿ ಹಿಡಿಯಬೇಕು. ಇಡೀ ಊರು, ಅವನು ಪ್ರೀತಿಸುವ ಹುಡುಗಿಯೂ ಸೇರಿ, ನಿಂತು ನೋಡುತ್ತಾ ನಗುತ್ತಾರೆ. ಕೊನೆಯಲ್ಲಿ ಹುಡುಗ ಕಲ್ಲೆತ್ತಿ ಬೀಸುತ್ತಾನೆ. ಆ ಕಲ್ಲು ನೇರವಾಗಿ ಪರದೆಯಿಂದ ನೋಡುವವರ ಮುಖದ ಕಡೆಗೇ ಬರುತ್ತದೆ, ಅಲ್ಲಿಗೆ ಕತ್ತಲು. ಅವತ್ತು ನನಗೆ ಜಗಲಿಯ ಆ ನಗು ನೆನಪಾಯಿತು. ಆ ಹುಡುಗನೂ ಅಂಗಳದಲ್ಲಿ ನಿಂತಿದ್ದವನೇ. ಆದರೆ ಅವನು ನಗಲಿಲ್ಲ. ಕಲ್ಲು ಹೊಡೆದರೆ ಎಲ್ಲ ಸರಿಹೋಗುತ್ತದೆ ಅಂತ ಆ ಸಿನಿಮಾ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ನೋಡುವವನನ್ನು ಸುಮ್ಮನೆ ಅಳಲು ಬಿಡದೆ, 'ನೀನು ಯಾವ ಕಡೆ ನಿಂತು ನೋಡುತ್ತಿದ್ದೀಯ?' ಅಂತ ಕೇಳಿತಲ್ಲ, ಆ ಕೊನೆ ನಮ್ಮದು.

5

ಇಷ್ಟು ಹೊತ್ತು ನಾನು ಹೇಳಿದ್ದನ್ನು ಕೇಳಿ ಗೆಳೆಯರು ಒಂದು ತಪ್ಪು ತಿಳಿಯಬಹುದು. ನಮಗೆ ಕತೆ ಹೇಳಲು ಬಂದದ್ದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ, 1970ರ ಆಚೆಗೆ ಅಂತ. ಹಾಗಲ್ಲ. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅವಳಿಗೆ ಒಂದು ಮಹಾಕಾವ್ಯ ಗೊತ್ತಿತ್ತು.

ನೀಲಗಾರರು ತಂಬೂರಿ ಹಿಡಿದು ಕೇರಿಗೆ ಬಂದರೆ ರಾತ್ರಿಯೆಲ್ಲ ಮಂಟೇಸ್ವಾಮಿ ಕತೆ. ಕಲ್ಯಾಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಕೂತಿದ್ದಾರೆ. ಮಂಟೇದಯ್ಯ ನಾರುವ ಮೈ ಹೊತ್ತು, ಹೊಲಸು ರೂಪದಲ್ಲಿ ಆ ಬಾಗಿಲಿಗೆ ಬರುತ್ತಾನೆ. ಸಮಾನತೆ ಸಾರಿದ ಕಲ್ಯಾಣವೇ ಅವನನ್ನು ಒಳಗೆ ಬಿಡುವುದಿಲ್ಲ! ಹನ್ನೆರಡನೇ ಶತಮಾನದ ಆ ದೊಡ್ಡ ಚಳವಳಿಗೆ ಕೇರಿ ಕೊಟ್ಟ ವಿಮರ್ಶೆ ಇದು. ನಮ್ಮ ವಿಶ್ವವಿದ್ಯಾಲಯಗಳು ಬಹಳ ಕಾಲದ ಮೇಲೆ ಕೇಳಿದ ಪ್ರಶ್ನೆಯನ್ನು ನೀಲಗಾರ ತಂಬೂರಿ ಮೀಟುತ್ತಾ ಆಗಲೇ ಕೇಳಿದ್ದ. ಆಮೇಲೆ ಮಂಟೇಸ್ವಾಮಿ ಹಲಗೂರಿನ ಪಾಂಚಾಳರ ಹತ್ತಿರ ಭಿಕ್ಷೆ ಕೇಳುತ್ತಾನೆ. ಏನು ಭಿಕ್ಷೆ? ಬಂಗಾರ ಅಲ್ಲ, ಕಬ್ಬಿಣ. ಕೆಲಸದವನಿಗೆ ಬೇಕಾದದ್ದು ಕಬ್ಬಿಣವೇ. ಅದೇ ಕಮ್ಮಾರರ ಮಗ ಕೆಂಪಾಚಾರಿ ಸಿದ್ಧಪ್ಪಾಜಿಯಾಗಿ ಪವಾಡ ಗೆಲ್ಲುತ್ತಾನೆ.

ಕಂಸಾಳೆಯವರ ಮಾದೇಶ್ವರನ ಕತೆಯಲ್ಲಿ ಶ್ರವಣ ಅನ್ನುವ ದೊರೆ ದೇವರುಗಳನ್ನೇ ಸೆರೆ ಹಾಕಿರುತ್ತಾನೆ. ಅವನನ್ನು ಕೊಲ್ಲಲು ಮಾದಪ್ಪನಿಗೆ ಬಿಲ್ಲು ಬಾಣ ನೆರವಿಗೆ ಬರುವುದಿಲ್ಲ. ಮಾದಿಗರ ಹರಳಯ್ಯನ ಮನೆಯ ಕೆರದ ಕೆಲಸ ನೆರವಿಗೆ ಬರುತ್ತದೆ. ಆ ಕೆರ ಮೆಟ್ಟಿದ ದೊರೆ ಸುಟ್ಟು ಹೋಗುತ್ತಾನೆ. ಅಂಗಳದಲ್ಲಿ ಬಿಟ್ಟು ಒಳಗೆ ಹೋಗುವ ಚಪ್ಪಲಿ ಇಲ್ಲಿ ದೊರೆಯನ್ನು ಕೊಲ್ಲುವ ಆಯುಧ. ನಮ್ಮ ಕಸುಬನ್ನು ಕೀಳು ಅಂದ ಲೋಕಕ್ಕೆ ಇದಕ್ಕಿಂತ ದೊಡ್ಡ ಉತ್ತರ ಯಾವ ಪುಸ್ತಕದಲ್ಲಿದೆ?

ಈ ಕತೆ ಹೇಳುವ ರೀತಿಯನ್ನೂ ಗಮನಿಸಿ. ನೀಲಗಾರ ಒಬ್ಬನೇ ಹೇಳುವುದಿಲ್ಲ. ಹಿಂದೆ ಸೊಲ್ಲು ಹಿಡಿಯುವವರಿದ್ದಾರೆ, ಮುಂದೆ 'ಹ್ಞೂಂ' ಅನ್ನುವವರಿದ್ದಾರೆ. ಕೇಳುವವರು ಹ್ಞೂಂಗುಟ್ಟದಿದ್ದರೆ ಕತೆ ನಿಲ್ಲುತ್ತದೆ. ಕೂತವರಲ್ಲಿ ಯಾರೋ 'ಅಯ್ಯಾ, ಆ ಸಾಲು ಬುಟ್ಬುಟ್ಟೆ' ಅಂದರೆ ಅವನು ಹಿಂದಕ್ಕೆ ಹೋಗಿ ಹೇಳುತ್ತಾನೆ. ಪುಸ್ತಕಕ್ಕೆ ಹೀಗೆ ಕೇಳುವಂತಿಲ್ಲ, ಸಿನಿಮಾಕ್ಕೂ ಕೇಳುವಂತಿಲ್ಲ. ಕೇಳುವವನಿಗೂ ಕತೆಯಲ್ಲಿ ಪಾಲಿದೆ ಅಂತ ಕೇರಿ ನಂಬಿತ್ತು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಮಹಾಕಾವ್ಯವನ್ನು ಅಚ್ಚು ಹಾಕಿತು. ಬೇಕಾದ ಕೆಲಸ ಅದು. ಆದರೆ ಪುಸ್ತಕ ಕಪಾಟಿಗೆ ಹೋಗಿ, ಕೇರಿಯಲ್ಲಿ ಹ್ಞೂಂಗುಟ್ಟುವವರು ಇಲ್ಲದೆ ಹೋದರೆ, ಉಳಿಯುವುದು ಕಾಗದ ಮಾತ್ರ.

ನಮ್ಮ ಕತೆ ಅಂತ ಕಣ್ಣು ಮುಚ್ಚಿ ಕೈ ಮುಗಿಯಬೇಕಾಗಿಲ್ಲ. ಅದೇ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮ ಇದ್ದಾಳೆ. ಕಾಡಿಗೆ ಹೋಗುವ ಗಂಡ, ನಾನು ಬರುವ ತನಕ ಶೀಲವಾಗಿರುತ್ತೇನೆ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಅದಕ್ಕೆ ಅವನು ಕೊಡುವ ಹಿಂಸೆ ಹೇಳತೀರದು. ಆ ಸಾಲು ಬಂದಾಗ ನಮ್ಮಜ್ಜಿಯ ಹ್ಞೂಂ ನಿಂತುಹೋಗುತ್ತಿತ್ತು, ಸೆರಗು ಬಾಯಿಗೆ ಬರುತ್ತಿತ್ತು. ಕೇರಿಯ ಒಳಗೂ ಒಂದು ಜಗಲಿ, ಒಂದು ಅಂಗಳ ಇದೆ. ನಮ್ಮ ಸಂಘಟನೆಯ ಸಭೆಗಳಲ್ಲಿ, ನಮ್ಮ ಪತ್ರಿಕೆಗಳ ಪುಟಗಳಲ್ಲಿ ಎಷ್ಟು ಜನ ಅವ್ವಂದಿರು, ಅಕ್ಕಂದಿರು ಮಾತಾಡಿದ್ದಾರೆ? ಅವರ ಕತೆಯ ಕೊನೆಯನ್ನು ನಾವು ಗಂಡಸರು ಬರೆಯುತ್ತಿದ್ದರೆ, ಮೇಲಿನ ಕೇರಿಯವರಿಗೆ ಕೇಳುವ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬೇಕು.

6

ಈಗ ಕಾಲ ಬದಲಾಗಿದೆ. ಕೇರಿಯ ಹುಡುಗರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ಆಟ ಇದೆ. ಈ ಹೊಸ ಆಟಗಳು ಬರೀ ಕಾಲಹರಣ ಅಂತ ನಮ್ಮ ಮೇಷ್ಟರುಗಳು ಬೈಯುತ್ತಾರೆ. ಬೈಯುವ ಮೊದಲು ಅವು ಹೇಳುವ ಕತೆ ಏನು ಅಂತ ನೋಡಬೇಕು. 2020ರಲ್ಲಿ ಪುಣೆಯವರು ಮಾಡಿದ 'ರಾಜಿ' ಅನ್ನುವ ಕಂಪ್ಯೂಟರ್ ಆಟ ಬಂತು. ಸರ್ಕಸ್ಸಿನ ಹುಡುಗಿ ರಾಜಿ, ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ಹಗ್ಗದ ಮೇಲೆ ನಡೆಯುವ ಬಡವರ ಹುಡುಗಿ ನಾಯಕಿಯಾದದ್ದು ಸಂತೋಷವೇ. ಆದರೆ ಅವಳ ಕತೆಯನ್ನು ಹೇಳುವವರು ಯಾರು? ದುರ್ಗೆ ಮತ್ತು ವಿಷ್ಣು, ಮೇಲಿನಿಂದ ನೋಡುತ್ತಾ. ಹುಡುಗಿ ಕೆಳಗೆ ಕಾದಾಡಬೇಕು, ಕತೆ ಮೇಲಿನಿಂದ ಬರಬೇಕು. ಹಳೇ ಪಟದ ನೆರಳು ಹೊಸ ಗಾಜಿನಲ್ಲೂ ಬೀಳುತ್ತದೆ.

ಹಳ್ಳಿಯ ಮೇಷ್ಟರುಗಳಿಗೆ ನನ್ನದೊಂದು ಮನವಿ. ಮಕ್ಕಳಿಗೆ ಖಾಲಿ ಹಾಳೆ ಕೊಟ್ಟು ಅವರದೇ ಹಾವು ಏಣಿ ಬರೆಯಲು ಹೇಳಿ. ನಮ್ಮೂರ ಪಕ್ಕದ ಶಾಲೆಯೊಂದರಲ್ಲಿ ನಾನು ಇದನ್ನು ಮಾಡಿಸಿ ನೋಡಿದೆ. ಒಂದು ಹುಡುಗಿ ಎಲ್ಲಕ್ಕಿಂತ ಉದ್ದದ ಹಾವಿಗೆ ಸಾಲ ಅಂತ ಹೆಸರಿಟ್ಟಳು. ಇನ್ನೊಬ್ಬ ಸಾರಾಯಿ ಅಂಗಡಿ ಅಂದ. ಏಣಿಗೆ ಹಾಸ್ಟೆಲ್ಲು, ಬಸ್ಸು, ಅಕ್ಕನ ಸಂಬಳ ಅಂತ ಹೆಸರು ಬಂದವು. ಒಬ್ಬ ಹುಡುಗ ಹಾವನ್ನೇ ಬರೆಯಲಿಲ್ಲ. 'ಯಾಕಪ್ಪಾ, ಹಾವಿಲ್ಲದೆ ಆಟ ಹೆಂಗೆ?' ಅಂದೆ. 'ಹಾವು ಅವೆ ಸಾ. ನಾಕು ಜನ ಸೇರಿ ಹೊಡ್ದಾಕವ್ರೆ' ಅಂದ. ಅವನಿಗೆ ಆಡು ಹುಲಿ ಆಟ ಗೊತ್ತಿತ್ತೋ ಇಲ್ಲವೋ ಕಾಣೆ.

ಆ ಮಕ್ಕಳಲ್ಲಿ ಒಬ್ಬನೂ ಕೆಳಗಿನ ಮನೆಗೆ ಹೊಲಗೇರಿ ಅಂತ ಬರೆಯಲಿಲ್ಲ. ನಾನು ಆವತ್ತು ಬಹಳ ಹೊತ್ತು ಆ ಹಾಳೆಗಳನ್ನು ನೋಡುತ್ತಾ ಕೂತಿದ್ದೆ. ಅಂಗಳದಲ್ಲಿ ನಿಂತು ನಕ್ಕಿದ್ದ ಹುಡುಗನಿಗೆ ಇವನ್ನು ತೋರಿಸಬೇಕು ಅನ್ನಿಸಿತು.

ಬೆಳಕು ಹರಿಯುವ ಹೊತ್ತಿಗೆ ನೀಲಗಾರ ತಂಬೂರಿ ಕೆಳಗಿಡುತ್ತಿದ್ದ. ನಮ್ಮಜ್ಜಿ ಮಡಿಲಲ್ಲಿ ಮಲಗಿದ್ದ ನನ್ನನ್ನು ಎಬ್ಬಿಸುತ್ತಾ ಅವನನ್ನು ಕೇಳುತ್ತಿದ್ದಳು, 'ಮುಂದ್ಕೇನಾಯ್ತು ಬುದ್ಧಿ?' ಅವನು ಅನ್ನುತ್ತಿದ್ದ, 'ನನ್ನ ಬುದ್ಧಿ ಅನ್‌ಬ್ಯಾಡ ಕನವ್ವ. ನಾಳಿಕ ಎಲ್ರೂ ಬನ್ನಿ, ಕೂತ್ಕಂಡು ಮುಂದಕ್ ಹೇಳವು.'